ಪಿಟ್ಸ್‌ಬರ್ಗ್‌ನಲ್ಲಿ ಓಟ ನದಿಯ ಪಕ್ಕ, ಕ್ಯಾಮೆರಾ ಗುಡ್ಡದ ಮೇಲೆ

ಪ್ರಶ್ನೆ: ನಾನು ಮಂಗಳೂರಿನವಳು. ಆಗಸ್ಟ್‌ನಲ್ಲಿ ಎಂ.ಎಸ್. ಓದಲು ಅಮೆರಿಕದ ಪಿಟ್ಸ್‌ಬರ್ಗ್‌ಗೆ ಬಂದೆ. ಊರಲ್ಲಿ ಕದ್ರಿ ಪಾರ್ಕ್ ಸುತ್ತಮುತ್ತ ಬೆಳಿಗ್ಗೆ ಐದು ಕಿಲೋಮೀಟರ್ ಓಡುವ ಅಭ್ಯಾಸ ಇತ್ತು, ಹಾಗಾಗಿ ಗುಡ್ಡೆ ನನಗೆ ಹೊಸದಲ್ಲ. ಆದರೂ ಇಲ್ಲಿ ಸ್ಕ್ವಿರಲ್ ಹಿಲ್‌ನಲ್ಲಿ ಓಡತೊಡಗಿದ ಮೇಲೆ ಮಂಡಿ ನೋವು ಶುರುವಾಗಿದೆ. ಓಡುತ್ತಲೇ ಊರಿನ ಫೋಟೋ ತೆಗೆಯುವ ಆಸೆ ಬೇರೆ. ಫೋನ್ ಇದೆ, ಅಣ್ಣನ ಹಳೆಯ ಮಿರರ್‌ಲೆಸ್ ಕ್ಯಾಮೆರಾ ಇದೆ. ಆದರೆ ತೆಗೆದದ್ದೆಲ್ಲ ಬೂದು ಬೂದಾಗಿ ಬರುತ್ತಿದೆ. ಎಲ್ಲಿ ಓಡಲಿ? ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆ? ಚಳಿಗಾಲದಲ್ಲಿ ಏನು ಗತಿ? ಒಂದು ಟ್ರೈಪಾಡ್ ಕೊಳ್ಳಲೇ?

ಉತ್ತರ: ಮೊದಲು ಮಂಡಿ. ಉಳಿದದ್ದು ಕಾಯುತ್ತದೆ, ಅದು ಕಾಯುವುದಿಲ್ಲ.

ಏರು ಹತ್ತಿ ಹತ್ತಿ ನೋವು ಬಂತು ಅಂತ ನೀವು ಅಂದುಕೊಂಡಿರಬಹುದು. ನನಗೆ ಅನುಮಾನ ಇರುವುದು ಇಳಿಜಾರಿನ ಮೇಲೆ. ಹತ್ತುವಾಗ ಏದುಸಿರು ಬರುತ್ತದೆ, ವೇಗ ತಾನಾಗಿ ತಗ್ಗುತ್ತದೆ, ಸಾಕು ಅಂತ ದೇಹವೇ ಹೇಳುತ್ತದೆ. ಇಳಿಯುವಾಗ ಉಸಿರು ಹಗುರವಾಗಿರುತ್ತದೆ, ಹುಮ್ಮಸ್ಸು ಬರುತ್ತದೆ, ಹೆಜ್ಜೆ ಉದ್ದವಾಗುತ್ತದೆ. ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬಿಗಿ ಹಿಡಿದು ಬ್ರೇಕ್ ಹಾಕಬೇಕು. ಅದು ದಣಿದಾಗ ಹೊಡೆತವೆಲ್ಲ ಮಂಡಿಗೆ ಹೋಗುತ್ತದೆ. ಹೊಸದಾಗಿ ಈ ಊರಿಗೆ ಬಂದ ಓಟಗಾರರಿಗೆ ತರಬೇತಿ ಕೊಡುವಾಗ ನಾನು ಜಾಸ್ತಿ ನೋಡುವ ತೊಂದರೆ ಇದೇ. ಫಿಟ್ ಆಗಿರುವವರಿಗೇ ಇದು ಹೆಚ್ಚು, ಯಾಕೆಂದರೆ ಅವರು ಇಳಿಜಾರಿನಲ್ಲಿ ಸಮಯ ಉಳಿಸಲು ನೋಡುತ್ತಾರೆ.

ಎರಡು ವಾರ ಇಳಿಜಾರಿನಲ್ಲಿ ಓಡಲೇಬೇಡಿ, ನಡೆದು ಇಳಿಯಿರಿ. ಆಮೇಲೆ ಓಡುವಾಗಲೂ ಹೆಜ್ಜೆ ಚಿಕ್ಕದಿರಲಿ, ಪಾದ ಸೊಂಟದ ನೇರಕ್ಕೆ ಕೆಳಗೆ ಬೀಳಲಿ. ಹೆದರಿ ಹಿಂದಕ್ಕೆ ವಾಲಿದರೆ ಬ್ರೇಕ್ ಇನ್ನೂ ಗಟ್ಟಿಯಾಗುತ್ತದೆ. ಏರಿನಲ್ಲಿ ವಾಚ್ ನೋಡಬೇಡಿ. ಮಾತಾಡಲು ಆಗುವಷ್ಟು ಉಸಿರು ಇದ್ದರೆ ವೇಗ ಸರಿ ಇದೆ ಅಂತ ಲೆಕ್ಕ. ಮಂಡಿ ಊದಿಕೊಂಡರೆ, ಅಥವಾ ಒಂದೇ ಜಾಗದಲ್ಲಿ ಚುಚ್ಚಿದ ಹಾಗೆ ನೋವಾದರೆ ಇದ್ಯಾವುದನ್ನೂ ಮಾಡದೆ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಈಗ ಓಡುವ ದಾರಿ. ಅದಕ್ಕೆ ಮುಂಚೆ ಈ ಊರಿನ ಆಕಾರ ತಲೆಯಲ್ಲಿ ಕೂರಬೇಕು. ಹೆಸರಿಗೆ ಇಲ್ಲಿ ಮೌಂಟ್ ವಾಷಿಂಗ್ಟನ್ ಇದೆ, ಹತ್ತಾರು ಹಿಲ್‌ಗಳಿವೆ. ನಿಜವಾಗಿ ನೋಡಿದರೆ ಇಲ್ಲಿ ಬೆಟ್ಟ ಮೇಲೆದ್ದಿಲ್ಲ. ಇದೊಂದು ಪ್ರಸ್ಥಭೂಮಿ, ಅದನ್ನು ನದಿಗಳೂ ತೊರೆಗಳೂ ಕೊರೆದು ಕೊರೆದು ಕಣಿವೆ ಮಾಡಿವೆ. ಅದಕ್ಕೇ ಎಲ್ಲ ಗುಡ್ಡಗಳ ನೆತ್ತಿಯೂ ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿ ಕಾಣುತ್ತದೆ. ಉತ್ತರದಿಂದ ಬರುವ ಅಲಿಗೇನಿ, ದಕ್ಷಿಣದಿಂದ ಬರುವ ಮೊನಾಂಗಹೀಲಾ ಡೌನ್‌ಟೌನ್‌ನ ತುದಿಯಲ್ಲಿ ಕೂಡಿ ಒಹಾಯೊ ನದಿಯಾಗುತ್ತವೆ. ಆ ತುದಿಗೆ ಇಲ್ಲಿನವರು ಪಾಯಿಂಟ್ ಅಂತಾರೆ. ಮೊನಾಂಗಹೀಲಾ ಅನ್ನುವಷ್ಟು ಪುರುಸೊತ್ತು ಯಾರಿಗೂ ಇಲ್ಲ, ಎಲ್ಲರಿಗೂ ಅದು ‘ಮಾನ್’. ನದಿಯ ದಂಡೆ ಸಪಾಟು. ಅಲ್ಲಿಂದ ಮೌಂಟ್ ವಾಷಿಂಗ್ಟನ್‌ನ ಅಂಚು ಸುಮಾರು 400 ಅಡಿ ಮೇಲೆ. ನಡುವೆ ಸಮತಟ್ಟು ಜಾಗ ಬಹಳ ಕಡಿಮೆ.

ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದರಿಂದಲೇ ಬರುತ್ತದೆ. ಓಟವನ್ನೂ ಫೋಟೋವನ್ನೂ ಒಟ್ಟಿಗೆ ಮಾಡಬೇಡಿ. ಓಟಕ್ಕೆ ಬೇಕಾದ ಜಾಗ ಕೆಳಗಿದೆ, ಚಿತ್ರಕ್ಕೆ ಬೇಕಾದ ಜಾಗ ಮೇಲಿದೆ. ಒಂದೇ ಸುತ್ತಿನಲ್ಲಿ ಎರಡನ್ನೂ ಹಿಡಿಯಲು ಹೋದರೆ ಓಟ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತದೆ, ಚಿತ್ರ ಬೆವರಿನ ಕೈಯಲ್ಲಿ ಅಲುಗಾಡುತ್ತದೆ. ಓಡುವಾಗ ಜಾಗ ನೋಡಿಟ್ಟುಕೊಳ್ಳಿ. ಫೋನ್‌ನಲ್ಲಿ ಗುರುತಿಗೆ ಒಂದು ಚಿತ್ರ, ಅಷ್ಟೇ. ಕ್ಯಾಮೆರಾ ಹಿಡಿದು ಬೇರೆ ದಿನ, ಬೇರೆ ಹೊತ್ತಿಗೆ, ನಡೆದುಕೊಂಡು ಬನ್ನಿ.

ಸ್ಕ್ವಿರಲ್ ಹಿಲ್‌ನವರಿಗೆ ಹತ್ತಿರದ ಒಳ್ಳೆಯ ದಾರಿ ಫ್ರಿಕ್ ಪಾರ್ಕ್. ನಗರದ ದೊಡ್ಡ ಪಾರ್ಕ್ ಅದು, 600 ಎಕರೆಗೂ ಜಾಸ್ತಿ. ಕಣಿವೆಯ ತಳದಲ್ಲಿ ಟ್ರಾಂಕ್ವಿಲ್ ಟ್ರೈಲ್ ಅನ್ನುವ ಜಲ್ಲಿ ದಾರಿ ಇದೆ. ಏರಿಳಿತ ಕಡಿಮೆ, ನೆಲ ಮೆತ್ತಗೆ, ನಿಮ್ಮ ಮಂಡಿಗೆ ಸದ್ಯಕ್ಕೆ ಇದೇ ಸರಿ. ತಲೆಯ ಮೇಲೆ ಎತ್ತರದಲ್ಲಿ ಒಂದು ಹೊಸ ಸೇತುವೆ ಕಾಣುತ್ತದೆ ನೋಡಿ, ಅದು ಫರ್ನ್ ಹಾಲೋ ಸೇತುವೆ. ಹಳೆಯದು 2022ರ ಜನವರಿ 28ರ ಬೆಳಗಿನ ಜಾವ ಬಸ್ಸು ಕಾರುಗಳ ಸಮೇತ ಈ ಕಣಿವೆಗೆ ಕುಸಿದುಬಿತ್ತು. ಅದೃಷ್ಟ, ಯಾರೂ ಸಾಯಲಿಲ್ಲ. ಸೇತುವೆಗಳ ದುರಸ್ತಿಯ ಬಗ್ಗೆ ಮಾತಾಡಲು ಆಗಿನ ಅಧ್ಯಕ್ಷ ಬೈಡನ್ ಊರಿಗೆ ಬರುವುದಿದ್ದ ದಿನವೇ ಇದಾಯಿತು! ಅದೇ ವರ್ಷ ಮುಗಿಯುವುದರೊಳಗೆ ಹೊಸದು ಎದ್ದಿತು.

ಉದ್ದದ ಓಟಕ್ಕೆ ನದಿಯೇ ಬೇಕು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹಿಂದಿನ ತಗ್ಗಿನಲ್ಲಿ ಜಂಕ್ಷನ್ ಹಾಲೋ ಟ್ರೈಲ್ ಇದೆ. ಅಲ್ಲಿಗೆ ನಡೆದು ಇಳಿಯಿರಿ. ಮುಂದೆ ಅದು ಎಲೈಜಾ ಫರ್ನೇಸ್ ಟ್ರೈಲ್‌ಗೆ ಸೇರುತ್ತದೆ. ಮಾನ್ ನದಿಯ ದಂಡೆಯುದ್ದಕ್ಕೂ ಡೌನ್‌ಟೌನ್‌ವರೆಗೆ ಸಪಾಟು ದಾರಿ. ಜೈಲಿನ ಪಕ್ಕದಲ್ಲಿ ಹೋಗುವುದರಿಂದ ಜನ ಇದನ್ನು ಜೈಲ್ ಟ್ರೈಲ್ ಅಂತಲೇ ಕರೆಯುತ್ತಾರೆ. ಹೆದ್ದಾರಿ ಮಗ್ಗುಲಲ್ಲೇ ಇರುವುದರಿಂದ ಗದ್ದಲ ಇದೆ, ಒಪ್ಪಿಕೊಳ್ಳುತ್ತೇನೆ. ಗದ್ದಲ ಬೇಡ ಅನಿಸಿದರೆ ಹಾಟ್ ಮೆಟಲ್ ಸೇತುವೆ ದಾಟಿ ಸೌತ್ ಸೈಡ್ ದಂಡೆಗೆ ಹೋಗಿ. ಈ ಸೇತುವೆಯ ಹೆಸರು ಸುಮ್ನೆ ಬಂದದ್ದಲ್ಲ. ಎಲೈಜಾ ಕುಲುಮೆಗಳಲ್ಲಿ ಕರಗಿಸಿದ ಕಬ್ಬಿಣವನ್ನು ಆ ದಡದ ಉಕ್ಕಿನ ಕಾರ್ಖಾನೆಗೆ ಬಿಸಿಯಾಗಿರುವಾಗಲೇ ರೈಲಿನಲ್ಲಿ ಇದರ ಮೇಲೆ ಸಾಗಿಸುತ್ತಿದ್ದರು. ಈಗ ಅದರ ಮೇಲೆ ನೀವು ನಾವು ಓಡುತ್ತೇವೆ. ಸೌತ್ ಸೈಡ್‌ನ ಇದೇ ದಾರಿ ಗ್ರೇಟ್ ಅಲಿಗೇನಿ ಪ್ಯಾಸೇಜ್‌ನ ಭಾಗ. ಬಿಡದೆ ಹೋದರೆ 150 ಮೈಲಿ ದೂರದ ಮೇರಿಲ್ಯಾಂಡ್‌ನ ಕಂಬರ್‌ಲ್ಯಾಂಡ್, ಅಲ್ಲಿಂದ ಕಾಲುವೆ ದಂಡೆ ಹಿಡಿದು ವಾಷಿಂಗ್ಟನ್ ಡಿ.ಸಿ. ಅಷ್ಟು ದೂರ ಸೈಕಲ್‌ನವರು ಹೋಗಲಿ ಬಿಡಿ.

ಮರಳಿ ಬರುವಾಗ ಗುಡ್ಡ ಹತ್ತಿ ಓಡಬೇಕೆಂಬ ಹಟ ಬೇಡ. ಡೌನ್‌ಟೌನ್‌ನಿಂದ 61 ಸಾಲಿನ ಬಸ್ಸುಗಳು ಓಕ್‌ಲ್ಯಾಂಡ್ ಬಡಾವಣೆ ಹಾದು ಸ್ಕ್ವಿರಲ್ ಹಿಲ್‌ಗೆ ಬರುತ್ತವೆ. ಬೆವರಿದ ಬಟ್ಟೆಯಲ್ಲಿ ಹತ್ತಿದರೆ ಯಾರೂ ತಿರುಗಿ ನೋಡುವುದಿಲ್ಲ. ಒಂದು ಎಚ್ಚರ: ಮಳೆ ಜೋರಾದಾಗ, ಹಿಮ ಕರಗುವಾಗ ದಂಡೆಯ ತೀರಾ ತಗ್ಗಿನ ದಾರಿಗಳು ಮುಳುಗುತ್ತವೆ. ನೀರು ಇಳಿದ ಮೇಲೂ ಕೆಸರು ದಪ್ಪಗೆ ಕೂತಿರುತ್ತದೆ. ನೇತ್ರಾವತಿ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರಸ್ತೆಯಲ್ಲಿ ಓಡುವುದಾದರೆ ನಿಮ್ಮ ಕಣ್ಣು ಕಲಿತದ್ದನ್ನು ಮರೆಯಬೇಕಾಗುತ್ತದೆ. ವಾಹನ ಇಲ್ಲಿ ಬಲಕ್ಕೆ ಓಡುತ್ತದೆ. ಫುಟ್‌ಪಾತ್ ಇಲ್ಲದ ಕಡೆ ಎದುರಿಗೆ ಬರುವ ಗಾಡಿ ಕಾಣಬೇಕಾದರೆ ನೀವು ಎಡಬದಿಯಲ್ಲಿರಬೇಕು. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿ. ಟ್ರೈಲ್‌ನಲ್ಲಿ ಮಾತ್ರ ಬಲಕ್ಕೇ ಇರಿ. ಹಿಂದಿನಿಂದ ಸೈಕಲ್‌ನವನು ‘ಆನ್ ಯುವರ್ ಲೆಫ್ಟ್’ ಅಂತ ಕೂಗಿದರೆ ಅವನು ನಿಮ್ಮ ಎಡದಿಂದ ಹೋಗುತ್ತಿದ್ದಾನೆ ಎಂದರ್ಥ, ನೀವು ಎಡಕ್ಕೆ ಸರಿಯಿರಿ ಅಂತಲ್ಲ. ನಮ್ಮವರು ಗಾಬರಿಯಲ್ಲಿ ಎಡಕ್ಕೇ ಹಾರುತ್ತಾರೆ! ಇನ್ನೊಂದು, ಈ ಊರಿನದೇ ಚಾಳಿ. ಸಿಗ್ನಲ್ ಹಸಿರಾದ ಕೂಡಲೇ ಎಡಕ್ಕೆ ತಿರುಗುವ ಮೊದಲ ಕಾರು ಎದುರಿನವರಿಗಿಂತ ಮುಂಚೆ ನುಗ್ಗುತ್ತದೆ, ಎದುರಿನವರೂ ಮರ್ಯಾದೆಗೆ ಬಿಟ್ಟುಕೊಡುತ್ತಾರೆ. ಪಿಟ್ಸ್‌ಬರ್ಗ್ ಲೆಫ್ಟ್ ಅಂತ ಅದಕ್ಕೆ ಹೆಸರೇ ಇದೆ. ಕಾನೂನಿನಲ್ಲಿ ಇಲ್ಲ, ರೂಢಿಯಲ್ಲಿದೆ. ನಡೆಯುವವರ ಸಿಗ್ನಲ್ ಬಿತ್ತು ಅಂತ ಆ ಕ್ಷಣಕ್ಕೇ ಓಡಿ ಇಳಿದರೆ ಆ ಕಾರಿನ ಮುಂದೆಯೇ ಇರುತ್ತೀರಿ. ಒಂದು ಉಸಿರು ತಡೆದು ಇಳಿಯಿರಿ.

ಇನ್ನು ಮೆಟ್ಟಿಲು. ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಈ ನಗರದಲ್ಲಿ 700ಕ್ಕೂ ಹೆಚ್ಚು ಸಾರ್ವಜನಿಕ ಮೆಟ್ಟಿಲುಸಾಲುಗಳಿವೆ. ಉಕ್ಕಿನ ಕಾರ್ಖಾನೆಗಳು ನದಿಯ ದಂಡೆ ಹಿಡಿದುಕೊಂಡವು, ಕೆಲಸಗಾರರ ಮನೆಗಳು ಗುಡ್ಡ ಹತ್ತಿದವು. ಪೋಲೆಂಡ್, ಸ್ಲೊವಾಕಿಯಾ, ಇಟಲಿ, ಜರ್ಮನಿ ಕಡೆಯಿಂದ ಬಂದ ಜನ ಪಾಳಿಗೆ ಇಳಿದು, ಪಾಳಿ ಮುಗಿಸಿ ಹತ್ತಿದ್ದು ಈ ಮೆಟ್ಟಿಲುಗಳಲ್ಲೇ. ಎಷ್ಟೋ ಮೆಟ್ಟಿಲುಗಳಿಗೆ ಬೀದಿಯ ಹೆಸರೇ ಇದೆ. ಮೂಲೆಯಲ್ಲಿ ಬೀದಿಯ ಫಲಕ ಇರುತ್ತದೆ, ಕೆಳಗೆ ನೋಡಿದರೆ ರಸ್ತೆಯೇ ಇಲ್ಲ, ಕಾಂಕ್ರೀಟ್ ಮೆಟ್ಟಿಲು ಪೊದೆಯೊಳಗೆ ಇಳಿದುಹೋಗುತ್ತದೆ. ಮ್ಯಾಪ್ ನಂಬಿ ಹೋದವರು ಮೊದಲ ಸಲ ಕಕ್ಕಾಬಿಕ್ಕಿ.

ಸೌತ್ ಸೈಡ್ ಸ್ಲೋಪ್ಸ್‌ಗೆ ಹೋಗಿ. ಪಾಲಿಶ್ ಹಿಲ್‌ಗೆ ಹೋಗಿ, ಅಲ್ಲಿ 1905ರ ಚರ್ಚಿನ ಹಸಿರು ಗುಮ್ಮಟಗಳು ಇಡೀ ಇಳಿಜಾರನ್ನು ಆಳುತ್ತವೆ. ಟ್ರಾಯ್ ಹಿಲ್‌ನ ಕಡಿದಾದ ರಿಯಾಲ್ಟೊ ಬೀದಿಯನ್ನು ಕೆಳಗಿನಿಂದ ಒಮ್ಮೆ ನೋಡಿ. ಬೀಚ್‌ವ್ಯೂನಲ್ಲಿರುವ ಕ್ಯಾಂಟನ್ ಅವೆನ್ಯೂ ಇಳಿಜಾರು ಶೇಕಡಾ 37ರಷ್ಟು, ಕಲ್ಲು ಹಾಸಿದ ಚಿಕ್ಕ ತುಂಡು. ಅದನ್ನೂ ಸೇರಿಸಿ ಊರಿನ 13 ಕಡಿದಾದ ದಿನ್ನೆಗಳನ್ನು ಹತ್ತುವ ಡರ್ಟಿ ಡಜನ್ ಅನ್ನುವ ಸೈಕಲ್ ಸ್ಪರ್ಧೆ 1983ರಿಂದ ಇದೆ. ಓಡಿ ಹತ್ತುತ್ತೇನೆ ಅಂತ ಹೊರಡಬೇಡಿ, ಕ್ಯಾಮೆರಾ ಹಿಡಿದು ನಿಲ್ಲಿ. ಮೆಟ್ಟಿಲನ್ನು ವ್ಯಾಯಾಮಕ್ಕೆ ಬಳಸುವುದಾದರೆ ಹತ್ತುವುದು ಮಾತ್ರ. ಕೆಲವು ಕಡೆ ಅಂಚು ಮುರಿದಿದೆ, ಕಂಬಿ ತುಕ್ಕು ಹಿಡಿದಿದೆ, ಅಕ್ಟೋಬರ್‌ನಲ್ಲಿ ಒದ್ದೆ ಎಲೆ ಬಿದ್ದು ಜಾರುತ್ತದೆ.

ನಿಮ್ಮ ಚಿತ್ರ ಬೂದಾಗಿ ಬರುವುದಕ್ಕೆ ಮದ್ದೂ ಇಲ್ಲೇ ಇದೆ. ಪಿಟ್ಸ್‌ಬರ್ಗ್‌ನಲ್ಲಿ ಮೋಡದ ದಿನ ಜಾಸ್ತಿ, ನವೆಂಬರ್‌ನಿಂದ ಮಾರ್ಚ್‌ವರೆಗಂತೂ ಕೇಳಲೇಬೇಡಿ. ಚೌಕಟ್ಟಿನ ಅರ್ಧ ಬಿಳಿ ಆಕಾಶ ತುಂಬಿಸಿದರೆ ಕ್ಯಾಮೆರಾ ಆ ಬೆಳಕನ್ನೇ ಲೆಕ್ಕ ಹಿಡಿದು ಊರನ್ನೆಲ್ಲ ಕತ್ತಲು ಮಾಡುತ್ತದೆ. ಆಕಾಶಕ್ಕೂ ಬಣ್ಣ ಇಲ್ಲ, ನೆಲಕ್ಕೂ ಜೀವ ಇಲ್ಲ. ಸಪಾಟು ಊರಲ್ಲಿದ್ದರೆ ಆಕಾಶವನ್ನು ತಪ್ಪಿಸುವುದು ಕಷ್ಟ. ಇಲ್ಲಿ ಸುಲಭ, ಅಲ್ವಾ? ಮೆಟ್ಟಿಲ ಮೇಲ್ತುದಿಯಲ್ಲಿ ನಿಂತು ಕ್ಯಾಮೆರಾ ಕೆಳಕ್ಕೆ ತಿರುಗಿಸಿ. ಮನೆಗಳ ಮಾಡು, ಇಟ್ಟಿಗೆ ಗೋಡೆ, ಒದ್ದೆ ರಸ್ತೆ, ಆಚೆ ನದಿ. ಒಂದು ಚೂರೂ ಆಕಾಶ ಬೇಡ. ಮೋಡದ ಬೆಳಕು ಮೆತ್ತಗೆ ಎಲ್ಲ ಕಡೆ ಒಂದೇ ಸಮ ಬೀಳುವುದರಿಂದ ಇಟ್ಟಿಗೆಯ ಕೆಂಪು, ಸೇತುವೆಯ ಹಳದಿ ಎದ್ದು ಬರುತ್ತವೆ.

ಮಿರರ್‌ಲೆಸ್‌ಗೆ ಜೂಮ್ ಲೆನ್ಸ್ ಇದ್ದರೆ 70 ಎಂಎಂನಿಂದ 100 ಎಂಎಂ ಕಡೆಗೆ ಹೋಗಿ. ಅಗಲ ಲೆನ್ಸ್ ಗುಡ್ಡವನ್ನು ಚಪ್ಪಟೆ ಮಾಡಿ ದೂರ ತಳ್ಳುತ್ತದೆ. ಉದ್ದ ಲೆನ್ಸ್‌ನಲ್ಲಿ ಎದುರಿನ ಇಳಿಜಾರಿನ ಮನೆಗಳು ಒಂದರ ಮೇಲೊಂದು ಪೇರಿಸಿದಂತೆ ಬರುತ್ತವೆ. ಬಣ್ಣದ ಛಾಯೆ ಸರಿಪಡಿಸುವ ವೈಟ್ ಬ್ಯಾಲೆನ್ಸ್ ಆಟೋ ಬಿಟ್ಟು ‘ಕ್ಲೌಡಿ’ಗೆ ಇಡಿ, ಬೂದಿನೊಳಗಿನ ನೀಲಿ ಕಡಿಮೆಯಾಗುತ್ತದೆ. ಹಿಮ ಬಿದ್ದ ದಿನ ಚಿತ್ರದ ಬೆಳಕು ಹೆಚ್ಚುಕಮ್ಮಿ ಮಾಡುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ +1 ಮಾಡಿ, ಇಲ್ಲದಿದ್ದರೆ ಹಿಮವೂ ಬೂದಾಗುತ್ತದೆ. ಫೋನ್‌ನಲ್ಲಾದರೆ ಪರದೆ ಮುಟ್ಟಿ ಬೆರಳು ಮೇಲಕ್ಕೆ ಎಳೆದರೆ ಅದೇ ಕೆಲಸ.

ಎಲ್ಲಿ ಯಾವಾಗ ನಿಲ್ಲಬೇಕು ಅನ್ನುವುದಕ್ಕೆ ದಿಕ್ಕು ಗೊತ್ತಿರಬೇಕು. ಗ್ರಾಂಡ್‌ವ್ಯೂ ಅವೆನ್ಯೂ ಮೌಂಟ್ ವಾಷಿಂಗ್ಟನ್‌ನ ಅಂಚಿನ ರಸ್ತೆ, ಮಾನ್ ನದಿಯ ದಕ್ಷಿಣಕ್ಕಿದೆ. ಅಲ್ಲಿ ನಿಂತರೆ ನೀವು ಉತ್ತರಕ್ಕೆ ಮುಖ ಮಾಡಿರುತ್ತೀರಿ, ಚಳಿಗಾಲದ ತಗ್ಗಿನ ಸೂರ್ಯ ಬೆನ್ನ ಹಿಂದೆ. ವೆಸ್ಟ್ ಎಂಡ್ ಓವರ್‌ಲುಕ್‌ನಿಂದ ಪಾಯಿಂಟ್ ಪೂರ್ವಕ್ಕೆ ಕಾಣುತ್ತದೆ. ಮೂರು ನದಿಯೂ ಒಂದೇ ಚೌಕಟ್ಟಿಗೆ ಬರುತ್ತವೆ, ಸಂಜೆಯ ಬೆಳಕು ನೇರ ಕಟ್ಟಡಗಳ ಮುಖಕ್ಕೆ ಬೀಳುತ್ತದೆ. ಪ್ರವಾಸಿಗರೆಲ್ಲ ಗ್ರಾಂಡ್‌ವ್ಯೂನಲ್ಲಿ ಗುಂಪುಗೂಡುತ್ತಾರೆ. ನನ್ನನ್ನು ಕೇಳಿದರೆ ವೆಸ್ಟ್ ಎಂಡ್ ಮೇಲು. ಜೋರು ಮಳೆಯ ಮರುದಿನ ಅಲ್ಲಿಂದ ನೋಡಿದರೆ ಎರಡು ನದಿಗಳ ನೀರಿನ ಬಣ್ಣ ಬೇರೆ ಬೇರೆಯಾಗಿ ಕಂಡು, ಆಮೇಲೆ ಬೆರೆಯುವುದು ಸಿಗಬಹುದು. ನಾರ್ತ್ ಶೋರ್ ದಂಡೆ ಸೂರ್ಯ ಮುಳುಗಿದ ಮೇಲಿನ ಅರ್ಧ ಗಂಟೆಗೆ. ಮೋಡವಿದ್ದರೂ ಆಗ ಆಕಾಶ ಗಾಢ ನೀಲಿಯಾಗುತ್ತದೆ, ದೀಪದ ನೆರಳು ನೀರಿನಲ್ಲಿ ಉದ್ದಕ್ಕೆ ಇಳಿಯುತ್ತದೆ. ಅಲಿಗೇನಿಗೆ ಅಡ್ಡಲಾಗಿ ಸಾಲಾಗಿ ನಿಂತ ಮೂರು ಹಳದಿ ಸೇತುವೆಗಳು ಇಲ್ಲಿಂದಲೇ ಚೆಂದ. 1924ರಿಂದ 1928ರ ನಡುವೆ ಒಂದೇ ಅಚ್ಚಿನಲ್ಲಿ ಕಟ್ಟಿದ ಅಕ್ಕತಂಗಿಯರು ಅವು. ಈಗಿನ ಹೆಸರುಗಳು ಬೇಸ್‌ಬಾಲ್ ಆಟಗಾರ ರಾಬರ್ಟೊ ಕ್ಲೆಮೆಂಟೆ, ಕಲಾವಿದ ಆಂಡಿ ವಾರ್ಹೋಲ್, ಪರಿಸರದ ಬಗ್ಗೆ ಬರೆದ ರೇಚೆಲ್ ಕಾರ್ಸನ್ ಅವರವು.

ಮೌಂಟ್ ವಾಷಿಂಗ್ಟನ್‌ಗೆ ಹೋಗಿ ಬರುವಾಗ ಎಲ್ಲರೂ ಇನ್‌ಕ್ಲೈನ್‌ನಲ್ಲಿ ಹತ್ತಿ ನಡೆದು ಇಳಿಯುತ್ತಾರೆ. ಹಳಿಯ ಮೇಲೆ ಗುಡ್ಡ ಹತ್ತುವ ಡಬ್ಬಿ ಅದು. ಹಿಂದೆ ಇಂಥವು ಹದಿನೈದಕ್ಕೂ ಹೆಚ್ಚಿದ್ದವು, ಉಳಿದದ್ದು ಎರಡೇ, 1870ರ ಮೊನಾಂಗಹೀಲಾ ಮತ್ತು 1877ರ ಡುಕೇನ್. ನಿಮ್ಮ ಮಂಡಿ ನೆನೆದು ನಾನು ಉಲ್ಟಾ ಹೇಳುತ್ತೇನೆ. ಕಾಲಲ್ಲಿ ಹತ್ತಿ, ಇನ್‌ಕ್ಲೈನ್‌ನಲ್ಲಿ ಇಳಿಯಿರಿ. ಮೊನಾಂಗಹೀಲಾ ಇನ್‌ಕ್ಲೈನ್ ಊರಿನ ಬಸ್ ಸಂಸ್ಥೆಯದೇ, ಆಗಾಗ ದುರಸ್ತಿಗೆ ನಿಲ್ಲುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ.

ಗಾಳಿಯ ವಿಷಯ ನೀವು ಕೇಳಿಲ್ಲ, ಆದರೆ ಓಟಕ್ಕೂ ಕ್ಯಾಮೆರಾಗೂ ಇದಕ್ಕಿಂತ ದೊಡ್ಡ ವಿಷಯ ಈ ಊರಲ್ಲಿ ಇನ್ನೊಂದಿಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ರಾತ್ರಿ ಆಕಾಶ ಶುಭ್ರವಾಗಿದ್ದು ಗಾಳಿ ಬೀಸದಿದ್ದರೆ ನೆಲ ಬೇಗ ತಣ್ಣಗಾಗುತ್ತದೆ. ತಂಪು ಗಾಳಿ ಭಾರ, ಅದು ಗುಡ್ಡದಿಂದ ಕಣಿವೆಗೆ ಇಳಿದು ಕೂರುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಳ ಹಾಕಿದ ಹಾಗೆ ನಿಲ್ಲುತ್ತದೆ. ನದಿಯ ತೇವ ಮಂಜಾಗುತ್ತದೆ. ಬೆಳಿಗ್ಗೆ ಗ್ರಾಂಡ್‌ವ್ಯೂನಲ್ಲಿ ನಿಂತರೆ ಕಾಲಡಿಯಲ್ಲಿ ಬಿಳಿ ಮಂಜು, ಅದರೊಳಗಿಂದ ಯು.ಎಸ್. ಸ್ಟೀಲ್ ಟವರ್‌ನ 64 ಮಹಡಿಗಳ ನೆತ್ತಿ, ಪಿಪಿಜಿ ಪ್ಲೇಸ್‌ನ ಗಾಜಿನ ಚೂಪು ಗೋಪುರಗಳು ಮಾತ್ರ ಹೊರಗೆ.

ಆ ಮುಚ್ಚಳದ ಕೆಳಗೆ ಮಂಜು ಒಂದೇ ಇರುವುದಿಲ್ಲ. ಕಾರಿನ ಹೊಗೆ, ಕಾರ್ಖಾನೆಯ ಹೊಗೆ ಎಲ್ಲವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮಾನ್ ನದಿಯ ಮೇಲ್ಗಡೆ ಕ್ಲೇರ್ಟನ್‌ನಲ್ಲಿ ಉಕ್ಕಿನ ಕುಲುಮೆಗೆಂದು ಕಲ್ಲಿದ್ದಲು ಕಾಯಿಸಿ ಕೋಕ್ ಮಾಡುವ ದೊಡ್ಡ ಕಾರ್ಖಾನೆ ಇದೆ. ಕೆಲವು ಬೆಳಿಗ್ಗೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ನಿಮ್ಮ ಅಡುಗೆಮನೆ ಹುಡುಕಬೇಡಿ. ಇದೇ ಕಣಿವೆಯ ಡೊನೊರಾ ಎಂಬ ಊರಲ್ಲಿ 1948ರ ಅಕ್ಟೋಬರ್ ಕೊನೆಯಲ್ಲಿ ಇಂಥ ಮುಚ್ಚಳ ದಿನಗಟ್ಟಲೆ ಕದಲದೆ ನಿಂತು 20 ಜನ ಸತ್ತರು. ಪಿಟ್ಸ್‌ಬರ್ಗ್‌ನಲ್ಲೂ ಆ ಕಾಲದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಬೀದಿದೀಪ ಹಾಕಬೇಕಾದ ದಿನಗಳಿದ್ದವು. ಹೊಗೆ ತಡೆಯುವ ಕಾನೂನು 1941ರಲ್ಲೇ ಬಂತು, ಯುದ್ಧದಿಂದಾಗಿ ಜಾರಿಯಾದದ್ದು 1946ರಲ್ಲಿ. ಈಗ ಅಂಥ ಸ್ಥಿತಿ ಇಲ್ಲ. ಆದರೂ ಮಂಜಿನ ಬೆಳಿಗ್ಗೆ ನದಿ ದಂಡೆಯಲ್ಲಿ ಜೋರಾಗಿ ಉಸಿರೆಳೆದು ಓಡುವುದು ಒಳ್ಳೆಯದಲ್ಲ.

ಹಾಗಾಗಿ ಆ ದಿನಗಳಲ್ಲಿ ಅದಲು ಬದಲು ಮಾಡಿ. ಬೆಳಿಗ್ಗೆ ಕ್ಯಾಮೆರಾ ಹಿಡಿದು ಮೇಲೆ ಹೋಗಿ, ಓಟ ಸಂಜೆಗಿರಲಿ. ಏರ್‌ನೌ ಆ್ಯಪ್‌ನಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ ಸಿಗುತ್ತದೆ. 100 ದಾಟಿದರೆ ನಾನು ನನ್ನ ಓಟಗಾರರಿಗೆ ರಜೆ ಕೊಡುತ್ತೇನೆ, ಆಸ್ತಮಾ ಇದ್ದವರಿಗೆ ಅದಕ್ಕೂ ಮೊದಲೇ. ಬಿಸಿಲೇರಿ ನೆಲ ಕಾದ ಮೇಲೆ, ಹೆಚ್ಚಿನ ದಿನ ಹತ್ತು ಗಂಟೆಯ ಹೊತ್ತಿಗೆ ಮುಚ್ಚಳ ಒಡೆಯುತ್ತದೆ.

ಓಡುವಾಗ ಒಂದೇ ಚಿತ್ರ ಅಂದೆನಲ್ಲ, ಅದಕ್ಕೆ ಈ ಊರಿನಲ್ಲೇ ಗುರುಗಳಿದ್ದಾರೆ. ಚಾರ್ಲ್ಸ್ ಟೀನಿ ಹ್ಯಾರಿಸ್ ಅವರು ಪಿಟ್ಸ್‌ಬರ್ಗ್ ಕುರಿಯರ್ ಎಂಬ ಕಪ್ಪು ಜನರ ಪತ್ರಿಕೆಗೆ ದಶಕಗಟ್ಟಲೆ ಫೋಟೋ ತೆಗೆದವರು. ಹಿಲ್ ಡಿಸ್ಟ್ರಿಕ್ಟ್ ಎಂಬ ಬಡಾವಣೆಯ ಮದುವೆ, ಅಂಗಡಿ, ಬೇಸ್‌ಬಾಲ್, ಜಾಝ್, ಬೀದಿಯ ಮಕ್ಕಳು, ಏನೂ ಬಿಟ್ಟಿಲ್ಲ. ಒಂದು ಸಲ ಬಂದು ಒಂದೇ ಚಿತ್ರ ತೆಗೆದು ಹೊರಡುತ್ತಿದ್ದರಿಂದ ‘ಒನ್ ಶಾಟ್’ ಅಂತಲೇ ಅಡ್ಡಹೆಸರು. ಅವರ ಸುಮಾರು 80,000 ಚಿತ್ರಗಳು ಓಕ್‌ಲ್ಯಾಂಡ್‌ನ ಕಾರ್ನೆಗಿ ಕಲಾ ಸಂಗ್ರಹಾಲಯದಲ್ಲಿವೆ, ಕಾರ್ನೆಗಿ ಮೆಲನ್‌ನಿಂದ ನಡೆದು ಹೋಗುವಷ್ಟು ಹತ್ತಿರ. ಇನ್ನೊಬ್ಬರು ಯೂಜೀನ್ ಸ್ಮಿತ್. 1955ರಲ್ಲಿ ನಗರದ ಮೇಲಿನ ಒಂದು ಪುಸ್ತಕಕ್ಕೆ ನೂರು ಚಿತ್ರ ತೆಗೆದುಕೊಡಲು ಮೂರು ವಾರಕ್ಕೆಂದು ಬಂದವರು. ಊರು ಹಿಡಿದುಕೊಂಡುಬಿಟ್ಟಿತು. ಹತ್ತು ಸಾವಿರಕ್ಕೂ ಹೆಚ್ಚು ನೆಗೆಟಿವ್ ಆಯಿತು, ತಾನು ಅಂದುಕೊಂಡಂತೆ ಅದನ್ನು ಮುಗಿಸಲು ಅವರಿಗೆ ಆಗಲೇ ಇಲ್ಲ. ಭಾನುವಾರ ಕ್ಯಾಮೆರಾ ಹಿಡಿದು ಹೊರಟಾಗ ಬೇಕಿದ್ದರೆ ಸ್ಮಿತ್ ಆಗಿ. ಓಡುವ ದಿನ ಹ್ಯಾರಿಸ್ ಆಗಿರಿ.

ಜನರ ಫೋಟೋ ತೆಗೆಯಲು ಸಂಕೋಚ ಇರುತ್ತದೆ. ಸಾರ್ವಜನಿಕ ಜಾಗದಲ್ಲಿ ತೆಗೆಯಲು ಇಲ್ಲಿ ಕಾನೂನಿನ ಅಡ್ಡಿ ಇಲ್ಲ. ಆದರೆ ಮೆಟ್ಟಿಲುಗಳು ಮನೆಗಳ ಜಗಲಿಗೆ ತಾಗಿಕೊಂಡೇ ಹೋಗುತ್ತವೆ, ಅಲ್ಲಿ ಕೂತವರತ್ತ ಲೆನ್ಸ್ ತಿರುಗಿಸುವ ಮುಂಚೆ ಹಲೋ ಅನ್ನಿ. ಈ ಊರಿನವರು ಮಾತಿನ ಜನ. ಅರ್ಧ ಗಂಟೆ ಕೂರಿಸಿ ಅಜ್ಜನ ಕಾರ್ಖಾನೆ ಕಥೆ ಹೇಳುತ್ತಾರೆ, ಫೋಟೋಗೂ ನಿಲ್ಲುತ್ತಾರೆ. ಮಕ್ಕಳದಾದರೆ ದೊಡ್ಡವರನ್ನು ಕೇಳದೆ ಬೇಡವೇ ಬೇಡ. ಹಿಮ ಬಿದ್ದ ಮೇಲೆ ರಸ್ತೆ ಬದಿಯಲ್ಲಿ ಖಾಲಿ ಕುರ್ಚಿಗಳು ನಿಂತಿರುವುದು ಕಾಣುತ್ತದೆ. ಕಷ್ಟಪಟ್ಟು ಹಿಮ ಗೋರಿ ಮಾಡಿಕೊಂಡ ಪಾರ್ಕಿಂಗ್ ಜಾಗಕ್ಕೆ ಹಾಕಿದ ಗುರುತು ಅದು. ಎಷ್ಟು ಬೇಕಾದರೂ ಫೋಟೋ ತೆಗೆಯಿರಿ, ಕುರ್ಚಿ ಮಾತ್ರ ಸರಿಸಬೇಡಿ. ಊರಿನ ನೆನಪಾದಾಗ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿ. 1976ರದು, ಗುಡ್ಡದ ಮಡಿಲಲ್ಲಿದೆ. ಹೊರಗಿನಿಂದ ಬೆಳ್ಳನೆಯ ಗೋಪುರವನ್ನು ಹಿಮದ ದಿನ ತೆಗೆದರೆ ಮನೆಗೆ ಕಳಿಸಲು ಒಳ್ಳೆಯ ಚಿತ್ರ. ಆ +1 ಮರೆಯಬೇಡಿ.

ಚಳಿಗಾಲದ ಮೊದಲ ಪೆಟ್ಟು ಕತ್ತಲೆಯದು. ಮಂಗಳೂರಲ್ಲಿ ವರ್ಷವಿಡೀ ಸೂರ್ಯ ಮುಳುಗುವುದು ಒಂದು ಗಂಟೆ ಆಚೀಚೆ ಅಷ್ಟೇ. ಇಲ್ಲಿ ಜೂನ್‌ನಲ್ಲಿ ರಾತ್ರಿ ಒಂಬತ್ತರ ಹತ್ತಿರ, ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೇ ಮುಗಿಯಿತು. ಬೆಳಿಗ್ಗೆ ಓಡುವವರಿಗೆ ಅಕ್ಟೋಬರ್ ಕೊನೆಯೇ ಕಷ್ಟ. ಗಡಿಯಾರ ಹಿಂದಕ್ಕೆ ತಿರುಗಿಸುವುದು ನವೆಂಬರ್‌ನ ಮೊದಲ ಭಾನುವಾರ, ಅಲ್ಲಿವರೆಗೆ ಏಳೂ ಮುಕ್ಕಾಲಿನ ತನಕ ಸೂರ್ಯನೇ ಹುಟ್ಟುವುದಿಲ್ಲ. ಕತ್ತಲಲ್ಲಿ ಎಲೈಜಾ ಫರ್ನೇಸ್, ಫ್ರಿಕ್ ಪಾರ್ಕ್ ಎರಡೂ ಬೇಡ, ಒಂಟಿಯಾಗಂತೂ ಬೇಡವೇ ಬೇಡ. ಬೀಚ್‌ವುಡ್ ಬುಲೆವಾರ್ಡ್‌ನಂಥ ಮನೆಗಳಿರುವ ಬೀದಿ ಹಿಡಿಯಿರಿ, ಮಿನುಗುವ ಪಟ್ಟಿಯ ಜಾಕೆಟ್ ಹಾಕಿ, ಒಂದು ಕಿವಿ ತೆರೆದಿರಲಿ. ಇಲ್ಲವೇ ಗುಂಪು ಸೇರಿಕೊಳ್ಳಿ, ಓಟದ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ.

ಚಳಿ ಅಷ್ಟು ಭಯಂಕರವಲ್ಲ. ಜನವರಿಯ ರಾತ್ರಿ ಸರಾಸರಿ ಮೈನಸ್ 6 ಡಿಗ್ರಿ ಆಸುಪಾಸು. ಮೈಗೆ ಅಂಟಿದ ಪದರ ಹತ್ತಿಯದಾಗಬಾರದು, ಅದು ಬೆವರು ಹಿಡಿದು ಮೈ ಕೊರೆಯುತ್ತದೆ. ಬಾಗಿಲು ದಾಟುವಾಗ ಸ್ವಲ್ಪ ಚಳಿ ಅನಿಸಬೇಕು, ಹತ್ತು ನಿಮಿಷಕ್ಕೆ ಸರಿಹೋಗುತ್ತದೆ. ಬೆಚ್ಚಗೆ ಹೊರಟರೆ ಒಂದು ಮೈಲಿಗೇ ಜಾಕೆಟ್ ಸೊಂಟಕ್ಕೆ ಬರುತ್ತದೆ. ಹೆದರಬೇಕಾದದ್ದು ಹಿಮಕ್ಕಲ್ಲ, ಹಗಲು ಕರಗಿ ರಾತ್ರಿ ಗಟ್ಟಿಯಾದ ಮಂಜುಗಡ್ಡೆಗೆ. ಕಪ್ಪು ರಸ್ತೆಯ ಮೇಲೆ ಅದು ಕಾಣುವುದೇ ಇಲ್ಲ, ಇಳಿಜಾರಿನಲ್ಲಿ ಕಾಲಿಟ್ಟರೆ ಕೆಳಗಿನ ತಿರುವಿನವರೆಗೆ ಪ್ರಯಾಣ. ಅಂಥ ದಿನ ಜಿಮ್‌ಗೆ ಹೋಗಿ ತೊಡೆಯ ಸ್ನಾಯುಗಳಿಗೆ ಕೆಲಸ ಕೊಡಿ, ಮಂಡಿಗೂ ಅದು ಬೇಕು. ಕ್ಯಾಮೆರಾದ ಬ್ಯಾಟರಿ ಚಳಿಗೆ ಬೇಗ ಕುಸಿಯುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿಡಿ. ಮನೆಯೊಳಗೆ ತರುವ ಮುಂಚೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಬೆಚ್ಚಗಾದ ಮೇಲೆ ತೆರೆಯಿರಿ. ಇಲ್ಲದಿದ್ದರೆ ಲೆನ್ಸ್ ಮೇಲೆಲ್ಲ ಹನಿ.

ಗುರಿ ಇದ್ದರೆ ಓಟ ನಿಲ್ಲುವುದಿಲ್ಲ ಅನ್ನುವವರು ನೀವಾದರೆ, ಸೆಪ್ಟೆಂಬರ್ ಕೊನೆಯ ಭಾನುವಾರದ ಗ್ರೇಟ್ ರೇಸ್ ನೋಡಿ. 1977ರಿಂದ ಇರುವ 10 ಕಿಲೋಮೀಟರ್ ಓಟ. ಫ್ರಿಕ್ ಪಾರ್ಕ್ ಬಳಿ ಶುರು, ಡೌನ್‌ಟೌನ್‌ನಲ್ಲಿ ಮುಕ್ತಾಯ, ಒಟ್ಟಾರೆ ಇಳಿಜಾರು. ಜನ ಖುಷಿಯಿಂದ ದಾಖಲೆ ಮಾಡಿಕೊಳ್ಳುತ್ತಾರೆ, ಮರುದಿನ ಮೆಟ್ಟಿಲು ಇಳಿಯಲಾಗದೆ ಒದ್ದಾಡುತ್ತಾರೆ. ಈ ವರ್ಷ ನಿಮಗೆ ಬೇಡ. ಮೇ ತಿಂಗಳ ಮೊದಲ ಭಾನುವಾರದ ಪಿಟ್ಸ್‌ಬರ್ಗ್ ಮ್ಯಾರಥಾನ್ ಐದು ಸೇತುವೆ ದಾಟಿ, ಓಕ್‌ಲ್ಯಾಂಡ್‌ಗೆ ದೊಡ್ಡ ಏರು ಹತ್ತಿಸುತ್ತದೆ. ಮೊದಲ ವರ್ಷ ಅಲ್ಲಿ ಕ್ಯಾಮೆರಾ ಹಿಡಿದು ನಿಲ್ಲಿ. ಸೇತುವೆಯ ಹಳದಿ, ಓಟಗಾರರ ಮುಖ ಎರಡೂ ಸಿಗುತ್ತವೆ.

ಟ್ರೈಪಾಡ್ ಸದ್ಯ ಬೇಡ. ಗ್ರಾಂಡ್‌ವ್ಯೂನಲ್ಲೂ ವೆಸ್ಟ್ ಎಂಡ್‌ನಲ್ಲೂ ಗಟ್ಟಿ ಕಂಬಿ ಇದೆ. ಕ್ಯಾಮೆರಾವನ್ನು ಅದಕ್ಕೆ ಒತ್ತಿ ಹಿಡಿದು, ಎರಡು ಸೆಕೆಂಡ್ ಟೈಮರ್ ಹಾಕಿದರೆ ಸಂಜೆಯ ಚಿತ್ರ ಅಲುಗದೆ ಬರುತ್ತದೆ. ಆ ದುಡ್ಡಿಗೆ ಶೂ ಮೇಲೆ ಎಳೆದು ಹಾಕಿಕೊಳ್ಳುವ ಮಂಜುಗಡ್ಡೆ ಮುಳ್ಳುಗಳನ್ನು ಕೊಂಡಿಡಿ. ನವೆಂಬರ್ ಒಳಗೇ ಕೊಳ್ಳಿ. ಮೊದಲ ಹಿಮ ಬಿದ್ದ ಮೇಲೆ ಹೋದರೆ ನಿಮ್ಮ ಅಳತೆಯದು ಅಂಗಡಿಯಲ್ಲಿ ಉಳಿದಿರುವುದಿಲ್ಲ.